ರಾಣಿ ಜೇನು ಸಾಕಣೆ – ನಡೆದು ಬಂದ ದಾರಿ

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘದ ಠೇವಣಿ, ಸಾಲ, ವಸೂಲಿ ಇವುಗಳ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆಯುತ್ತಾರೆ. ಅಡಿಕೆ ಕೊಳೆರೋಗದ ಬಗ್ಗೆ ಬರೆಯಲು ಬಲ್ಲವರಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ನೇರ ತೋಟಕ್ಕೆ ಇಳಿದ ನಮಗೆ ಗೊತ್ತಿರುವುದು ಮಣ್ಣು, ನೀರು, ಮತ್ತೆ ಒಂದಿಷ್ಟು ಜೇನು. ಆದ್ದರಿಂದ ಜೇನಿನ ವಿಷಯವನ್ನೇ ಹಿಡಿದುಕೊಂಡಿದ್ದೇವೆ.

ನಮ್ಮೂರಿನಲ್ಲಿ ಜೇನು ಪೆಟ್ಟಿಗೆ ಇಟ್ಟುಕೊಂಡವರು ಹೊಟ್ಟೆಪಾಡಿಗೆ ಇಟ್ಟವರಲ್ಲ. ಒಬ್ಬರ ಅಂಗಳದಲ್ಲಿ ಎರಡು, ಇನ್ನೊಬ್ಬರ ತೋಟದಲ್ಲಿ ಐದು, ಹೀಗೆ ಹವ್ಯಾಸಕ್ಕೆ ಸಾಕುವವರು. ಬೆಳಿಗ್ಗೆ ಹಾಲು ಕರೆದು ಸೊಸೈಟಿಗೆ ಹಾಕಿ ಬಂದ ಮೇಲೆ ಪೆಟ್ಟಿಗೆಯ ಬಾಗಿಲ ಹತ್ತಿರ ಹತ್ತು ನಿಮಿಷ ಕೂರುವುದೇ ಒಂದು ಸುಖ. ಆದರೆ ಪೆಟ್ಟಿಗೆ ಇಟ್ಟವರಲ್ಲೂ ರಾಣಿಯನ್ನು ತಾವೇ ಸಾಕಿ ಬೆಳೆಸುವವರು ಬಹಳ ಕಡಿಮೆ. ಕುಟುಂಬ ಬೇಕಾದರೆ ಕಾಡಿನ ಪೊಟರೆ ಒಡೆದು ತರುವುದು, ಇಲ್ಲವೇ ಹಣ ಕೊಟ್ಟು ಹೊರಗಿನಿಂದ ಕೊಳ್ಳುವುದು ರೂಢಿಯಾಗಿ ಹೋಗಿದೆ. ಈ ರೂಢಿ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಯಾಕೆ ಬಿಡಬೇಕು ಅಂತ ತಿಳಿಯಬೇಕಾದರೆ ರಾಣಿಯ ವಿಷಯ ಮನುಷ್ಯನಿಗೆ ಗೊತ್ತಾದ ಚರಿತ್ರೆಯನ್ನೇ ಸ್ವಲ್ಪ ನೋಡಬೇಕಾಗುತ್ತದೆ.

ರಾಜನೋ ರಾಣಿಯೋ?

ಒಂದು ಜೇನು ಕುಟುಂಬದಲ್ಲಿ ಸಾವಿರಾರು ಕೆಲಸಗಾರ ನೊಣಗಳು, ಕಾಲ ಬಂದಾಗ ಕೆಲವು ನೂರು ಗಂಡು ನೊಣಗಳು, ಮತ್ತು ಒಂದೇ ಒಂದು ರಾಣಿ ಇರುತ್ತದೆ. ಇದು ಇವತ್ತು ಶಾಲೆ ಮಕ್ಕಳಿಗೂ ಗೊತ್ತು. ಆದರೆ ಎರಡು ಸಾವಿರ ವರ್ಷದಷ್ಟು ಕಾಲ ಯುರೋಪಿನ ಪಂಡಿತರು ಆ ದೊಡ್ಡ ನೊಣವನ್ನು ರಾಜ ಅಂತಲೇ ಕರೆದರು. ಗ್ರೀಕ್ ದೇಶದ ಅರಿಸ್ಟಾಟಲನೂ ಹಾಗೆಯೇ ಬರೆದಿಟ್ಟಿದ್ದ. ಗುಂಪಿಗೆ ಯಜಮಾನ ಅಂದ ಮೇಲೆ ಗಂಡೇ ಆಗಿರಬೇಕು ಎಂಬ ಲೆಕ್ಕ!

1586ರಲ್ಲಿ ಸ್ಪೇನ್ ದೇಶದ ಲೂಯಿಸ್ ಮೆಂಡೆಜ್ ದ ಟೊರ್ರೆಸ್ ಎಂಬಾತ, ಅದು ಮೊಟ್ಟೆ ಇಡುವ ಹೆಣ್ಣು ಎಂದು ಬರೆದ. 1609ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ಚಾರ್ಲ್ಸ್ ಬಟ್ಲರ್, ಜೇನಿನದು ಹೆಣ್ಣಾಳ್ವಿಕೆ ಎಂದು ಹೆಸರಲ್ಲೇ ಸಾರುವ ಪುಸ್ತಕ ಮಾಡಿದ. ಅದೇ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್ಡಾಮ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದ ಕೆಳಗೆ ರಾಣಿಯ ಹೊಟ್ಟೆ ಬಿಡಿಸಿ ಅಂಡಾಶಯವನ್ನೇ ತೋರಿಸಿಕೊಟ್ಟ. ಅಲ್ಲಿಗೆ ರಾಜ ಹೋಗಿ ರಾಣಿ ಆಯಿತು.

ಆದರೂ ಮುಖ್ಯವಾದ ಪ್ರಶ್ನೆ ಹಾಗೆಯೇ ಉಳಿಯಿತು. ಈ ರಾಣಿ ಹುಟ್ಟುವುದು ಎಲ್ಲಿಂದ? ರಾಣಿಗೆ ಬೇರೆಯೇ ಒಂದು ಮೊಟ್ಟೆ ಇರಬೇಕು ಅಂತ ಬಹಳ ಜನ ನಂಬಿದ್ದರು. ರಾಜನ ಮನೆಯಲ್ಲಿ ಹುಟ್ಟಿದವನೇ ರಾಜ ಅಂತ ನಾವು ತಿಳಿದುಕೊಂಡ ಹಾಗೆ.

ಪಾದ್ರಿಯ ಪೆಟ್ಟಿಗೆ

ಈ ನಂಬಿಕೆಯನ್ನು ಮುರಿದವರು ಜರ್ಮನಿಯ ಲುಸೇಷಿಯ ಎಂಬ ಸೀಮೆಯ ಪಾದ್ರಿ ಆಡಂ ಶಿರಾಖ್. ಅವರು 1766ರಲ್ಲಿ ಅಲ್ಲಿನ ಜೇನು ಸಾಕುವವರನ್ನು ಸೇರಿಸಿ ಒಂದು ಸಂಘವನ್ನೇ ಕಟ್ಟಿದ್ದರು. ಸಂಘದ ಸದಸ್ಯರಾದ ನಮಗೆ ಇದು ಸಂತೋಷ ಕೊಡುವ ಮಾತು. ಅವರು ಮಾಡಿದ್ದು ಸಾದಾ ಕೆಲಸ. ಮೊಟ್ಟೆ, ಎಳೆ ಮರಿ ಇರುವ ಎರಿಯ ಒಂದು ತುಂಡನ್ನು ರಾಣಿ ಇಲ್ಲದ ಒಂದಿಷ್ಟು ಕೆಲಸಗಾರ ನೊಣಗಳ ಜೊತೆ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರು. ಕೆಲವು ದಿನ ಬಿಟ್ಟು ನೋಡಿದರೆ ನೊಣಗಳು ಮಾಮೂಲಿ ಕೋಶವನ್ನೇ ದೊಡ್ಡದು ಮಾಡಿ, ಕೆಳಮುಖವಾಗಿ ಇಳಿಸಿ, ಅದರಲ್ಲಿ ರಾಣಿ ಬೆಳೆಸಿದ್ದವು. ಒಂದು ಸಲ ಅಲ್ಲ, ಮತ್ತೆ ಮತ್ತೆ ಮಾಡಿ ನೋಡಿದರು. ಪ್ರತಿ ಸಲವೂ ಅದೇ ಫಲ.

ಅಂದರೆ ಏನಾಯಿತು? ರಾಣಿಯ ಮೊಟ್ಟೆ ಅಂತ ಬೇರೆ ಇಲ್ಲ. ಕೆಲಸಗಾರ ನೊಣ ಆಗಬೇಕಾದ ಅದೇ ಮೊಟ್ಟೆ, ಅದೇ ಮರಿ, ಬೇರೆ ಮನೆ ಮತ್ತು ಬೇರೆ ಊಟ ಸಿಕ್ಕಿದರೆ ರಾಣಿಯಾಗುತ್ತದೆ. ಎಳೆ ನೊಣಗಳು ತಮ್ಮ ತಲೆಯ ಗ್ರಂಥಿಯಿಂದ ಒಸರುವ ಹಾಲಿನಂಥ ರಸವನ್ನು ಮೊದಲ ಕೆಲವು ದಿನ ಎಲ್ಲ ಮರಿಗಳಿಗೂ ಕೊಡುತ್ತವೆ. ಕೆಲಸಗಾರ ಮರಿಗೆ ಆಮೇಲೆ ಪರಾಗ, ಜೇನು ಬೆರೆತ ಊಟ. ರಾಣಿ ಮರಿಗೆ ಮಾತ್ರ ಕೊನೆಯವರೆಗೂ ಅದೇ ರಸ ಧಾರಾಳ. ಇದನ್ನೇ ರಾಯಲ್ ಜೆಲ್ಲಿ ಅನ್ನುವುದು. ಊಟ ವಂಶದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅಂತ 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇನ್ನಷ್ಟು ಬಿಡಿಸಿ ತೋರಿಸಿದ್ದಾರೆ. ಮರಿಯ ವಂಶವಾಹಿ ಬದಲಾಗುವುದಿಲ್ಲ. ಅದರಲ್ಲಿ ಯಾವುದು ತೆರೆದುಕೊಳ್ಳಬೇಕು, ಯಾವುದು ಮುಚ್ಚಿರಬೇಕು ಎಂಬುದು ಮಾತ್ರ ಬದಲಾಗುತ್ತದೆ.

ಹಾಗಾದರೆ ರಾಣಿ ಅನ್ನುವುದು ಹುಟ್ಟಿನಿಂದ ಬಂದ ಪಟ್ಟವಲ್ಲ. ಕುಟುಂಬದವರು ಸೇರಿ ಸಾಕಿದ್ದರಿಂದ ಬಂದ ಪಟ್ಟ. ರಾಣಿ ಸಾಕಣೆಯ ಎಲ್ಲ ವಿದ್ಯೆಯೂ ಈ ಒಂದು ಮಾತಿನ ಮೇಲೆ ನಿಂತಿದೆ.

ಕಣ್ಣಿಲ್ಲದವರು ಕಂಡದ್ದು

ಅದೇ ಕಾಲದಲ್ಲಿ ಸ್ಲೊವೇನಿಯದ ರೈತ ಮನೆತನದ ಆಂಟನ್ ಯಾನ್ಶಾ ಎಂಬವರು ವಿಯೆನ್ನಾ ನಗರದಲ್ಲಿ ಜೇನು ಕೃಷಿಯ ಮೇಷ್ಟ್ರಾಗಿದ್ದರು. ರಾಣಿ ಗೂಡಿನ ಹೊರಗೆ ಹಾರಿ ಹೋಗಿ ಗಂಡು ನೊಣಗಳ ಜೊತೆ ಕೂಡಿ ಬರುತ್ತದೆ ಎಂದು ಅವರು ಹೇಳಿದ್ದರು. ಅವರ ಜನ್ಮದಿನದ ನೆನಪಿಗೇ ವಿಶ್ವಸಂಸ್ಥೆಯವರು 2018ರಿಂದ ಮೇ 20ನ್ನು ವಿಶ್ವ ಜೇನು ದಿನ ಎಂದು ಆಚರಿಸುತ್ತಿದ್ದಾರೆ.

ಇದನ್ನು ಪ್ರಯೋಗ ಮಾಡಿ ಸಿದ್ಧಪಡಿಸಿದವರು ಜಿನೀವಾದ ಫ್ರಾನ್ಸ್ವಾ ಹ್ಯೂಬರ್. ಹುಟ್ಟಿದ್ದು 1750ರಲ್ಲಿ. ಎಳೆ ವಯಸ್ಸಿನಲ್ಲೇ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಪೂರ್ತಿ ಕುರುಡಾದರು. ಅವರ ಮನೆಯ ಆಳು ಬರ್ನೆನ್ಸ್ ಎಂಬಾತನೇ ಅವರಿಗೆ ಕಣ್ಣಾದ. ಹ್ಯೂಬರ್ ಪ್ರಶ್ನೆ ಕೇಳುವುದು, ಬರ್ನೆನ್ಸ್ ನೋಡಿ ಹೇಳುವುದು. ಪುಸ್ತಕದ ಹಾಳೆಯಂತೆ ಒಂದೊಂದೇ ಎರಿಯನ್ನು ತೆರೆದು ನೋಡುವಂಥ ಗೂಡು ಮಾಡಿಕೊಂಡರು. ಮೊಟ್ಟೆ ಇಡುವ ಕೆಲಸಗಾರ ನೊಣ ಯಾವುದೆಂದು ಪತ್ತೆಮಾಡಲು ಬರ್ನೆನ್ಸ್ ಗೂಡಿನ ನೊಣಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದನಂತೆ. ಎಷ್ಟು ಸಲ ಕಡಿಸಿಕೊಂಡನೋ ದೇವರೇ ಬಲ್ಲ.

ಹೊರಗೆ ಬಿಡದೆ ಕೂಡಿಟ್ಟ ರಾಣಿ ಬಂಜೆಯಾಗಿಯೇ ಉಳಿಯಿತು. ಹೊರಗೆ ಹಾರಲು ಬಿಟ್ಟದ್ದು ಕೂಡಿಬಂದು ಎರಡು ದಿನದ ಹೊತ್ತಿಗೆ ಮೊಟ್ಟೆ ಇಡಲು ಶುರುಮಾಡಿತು. ಮೂರು ವಾರದಷ್ಟು ತಡವಾಗಿ ಕೂಡಿದ ರಾಣಿ ಇಟ್ಟ ಮೊಟ್ಟೆಗಳಿಂದ ಬರೀ ಗಂಡು ನೊಣಗಳೇ ಹುಟ್ಟಿದವು. ಇದೆಲ್ಲ 1792ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಬಸಿರಾಗದ ಮೊಟ್ಟೆಯಿಂದಲೇ ಗಂಡು ನೊಣ ಹುಟ್ಟುತ್ತದೆ ಎಂಬುದನ್ನು 1845ರಲ್ಲಿ ಸೈಲೀಷಿಯದ ಪಾದ್ರಿ ಜಿರ್ಜೋನ್ ತಿಳಿಸಿಕೊಟ್ಟರು.

ನಮ್ಮ ಮಳೆಗಾಲಕ್ಕೆ ಇದನ್ನು ಹೊಂದಿಸಿ ನೋಡಿ. ಆಷಾಢದ ಜಡಿಮಳೆಯಲ್ಲಿ ರಾಣಿ ಎಬ್ಬಿಸಿದರೆ ಅದು ಹೊರಗೆ ಹಾರುವುದು ಯಾವಾಗ? ಮಳೆಗಾಲದಲ್ಲಿ ರಾಣಿ ಸಾಕಬಾರದು ಎಂಬ ನಿಯಮವನ್ನು ಇನ್ನೂರು ವರ್ಷಗಳ ಹಿಂದೆ ಒಬ್ಬ ಕಣ್ಣಿಲ್ಲದ ಮಹನೀಯರು ನಮಗೆ ಬರೆದಿಟ್ಟು ಹೋದ ಹಾಗಾಯಿತು.

ಚೌಕಟ್ಟು ಬಂತು, ಬಟ್ಟಲು ಬಂತು

ತಿಳಿದದ್ದು ಕೈಗೆ ಬರಬೇಕಾದರೆ ಸಲಕರಣೆ ಬೇಕು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಒಂದು ವಿಷಯ ಗಮನಿಸಿದರು. ಎರಿ ಮತ್ತು ಗೋಡೆಯ ನಡುವೆ ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಜಾಗ ಬಿಟ್ಟರೆ ನೊಣಗಳು ಅದನ್ನು ಮೇಣದಿಂದ ತುಂಬುವುದಿಲ್ಲ, ಅಂಟಿನಿಂದ ಮುಚ್ಚುವುದೂ ಇಲ್ಲ. ಓಡಾಡುವ ದಾರಿಯಾಗಿ ಬಿಟ್ಟುಕೊಳ್ಳುತ್ತವೆ. ಹೀಗೆ ಎತ್ತಿ ಇಳಿಸುವ ಚೌಕಟ್ಟಿನ ಪೆಟ್ಟಿಗೆ ಬಂತು. ಎರಿ ಕತ್ತರಿಸದೆ, ಗೂಡು ಹಾಳುಮಾಡದೆ ಒಳಗೆ ನೋಡುವ ಅನುಕೂಲ ಎಲ್ಲರಿಗೂ ಸಿಕ್ಕಿತು.

ನ್ಯೂಯಾರ್ಕ್ ಪ್ರಾಂತದ ಹಳ್ಳಿಯೊಂದರಲ್ಲಿದ್ದ ಡೂಲಿಟಲ್ ಎಂಬ ಜೇನು ಸಾಕುವವರು 1889ರಲ್ಲಿ ರಾಣಿ ಸಾಕಣೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಮರದ ಕಡ್ಡಿಯ ತುದಿಯನ್ನು ಕರಗಿದ ಮೇಣದಲ್ಲಿ ಅದ್ದಿ ಪುಟ್ಟ ಬಟ್ಟಲು ಮಾಡುವುದು, ಅದರಲ್ಲಿ ಸ್ವಲ್ಪ ರಾಯಲ್ ಜೆಲ್ಲಿ ಇಟ್ಟು ಎಳೆ ಮರಿಯನ್ನು ಎತ್ತಿ ಇಡುವುದು, ಬಲವಾದ ಕುಟುಂಬಕ್ಕೆ ಕೊಡುವುದು. ಇವತ್ತಿಗೂ ಜಗತ್ತಿನ ದೊಡ್ಡ ದೊಡ್ಡ ರಾಣಿ ಸಾಕಣೆ ಕೇಂದ್ರಗಳು ನಡೆಯುವುದು ಈ ದಾರಿಯಲ್ಲೇ.

ನಮ್ಮಂಥ ಹವ್ಯಾಸಿಗಳಿಗೆ ಇನ್ನೂ ಸುಲಭವಾದ ಒಂದು ದಾರಿ ಇದೆ. ಅದು ಅಮೆರಿಕದ ಡಾ. ಮಿಲ್ಲರ್ ಅವರ ಹೆಸರಿನಲ್ಲಿದೆ. ಅವರು ವೈದ್ಯ ಓದಿ ಜೇನಿನ ಹಿಂದೆ ಹೋದವರು. ಎರಿಯ ಕೆಳ ಅಂಚನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿದರೆ ಆ ಮೊನೆಗಳಲ್ಲಿ ಇರುವ ಎಳೆ ಮರಿಗಳ ಮೇಲೆ ನೊಣಗಳು ತಾವೇ ರಾಣಿ ಕೋಶ ಕಟ್ಟುತ್ತವೆ. ಮರಿ ಎತ್ತುವ ಸೂಜಿ ಬೇಡ, ಭೂತಗನ್ನಡಿ ಬೇಡ. ಒಂದು ಹರಿತವಾದ ಚಾಕು, ಒಳ್ಳೆ ಕಣ್ಣು, ತಾಳ್ಮೆ ಇದ್ದರೆ ಸಾಕು.

ನಮ್ಮ ನಾಡಿಗೆ ಬಂದದ್ದು

ಮೇಲೆ ಹೇಳಿದ್ದೆಲ್ಲ ಯುರೋಪಿನ ಜೇನಿನ ಕಥೆ. ನಮ್ಮದು ತುಡುವೆ ಜೇನು. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುತ್ತವೆ, ಪೆಟ್ಟಿಗೆಗೆ ಒಗ್ಗುವುದಿಲ್ಲ. ತುಡುವೆ ಮಾತ್ರ ಪೊಟರೆ, ಹುತ್ತ, ಗೋಡೆಯ ಸಂದಿನಲ್ಲಿ ಸಾಲಾಗಿ ಎರಿ ಕಟ್ಟುವುದರಿಂದ ನಮ್ಮ ಹಿರಿಯರು ಮಡಕೆಯಲ್ಲೂ ಟೊಳ್ಳು ಮರದ ತುಂಡಿನಲ್ಲೂ ಅದನ್ನು ಇಟ್ಟುಕೊಳ್ಳುತ್ತಿದ್ದರು.

ತುಡುವೆಯ ಮೈ ಸಣ್ಣದು, ಆದ್ದರಿಂದ ಪೆಟ್ಟಿಗೆಯೂ ಸಣ್ಣದಾಗಬೇಕು. ದಕ್ಷಿಣ ಭಾರತದಲ್ಲಿ 1911ರಿಂದ 1917ರವರೆಗೆ ಫಾದರ್ ನ್ಯೂಟನ್ ಅವರು ತುಡುವೆಗೆ ತಕ್ಕ ಪೆಟ್ಟಿಗೆ ಮಾಡಿ ಹಳ್ಳಿಯವರಿಗೆ ತರಬೇತಿ ಕೊಟ್ಟರು. ನಮ್ಮ ಅಂಗಳದಲ್ಲಿರುವ ನ್ಯೂಟನ್ ಪೆಟ್ಟಿಗೆಯ ಹೆಸರು ಬಂದದ್ದು ಅವರಿಂದ. ಸೇಬು ಬಿದ್ದದ್ದು ನೋಡಿದ ನ್ಯೂಟನ್ ಬೇರೆ! ಮೈಸೂರು ಸಂಸ್ಥಾನದಲ್ಲಿ 1925ರಲ್ಲೂ ಕೊಡಗಿನಲ್ಲಿ 1934ರಲ್ಲೂ ಹೊಸ ರೀತಿಯ ಜೇನು ಸಾಕಣೆ ಶುರುವಾಯಿತು. ಆಮೇಲೆ ಕೊಡಗಿನ ವಿರಾಜಪೇಟೆ, ದಕ್ಷಿಣ ಕನ್ನಡದ ಪುತ್ತೂರು ಇಲ್ಲೆಲ್ಲ ಜೇನು ಸಾಕುವವರದೇ ಸಹಕಾರಿ ಸಂಘಗಳು ಹುಟ್ಟಿದವು. ಭಾಗಮಂಡಲದಲ್ಲಿ ತರಬೇತಿ ಕೇಂದ್ರ ಬಂತು. ಜೇನು ಮತ್ತು ಸಹಕಾರ ಇವೆರಡೂ ನಮ್ಮ ಘಟ್ಟದ ಸೀಮೆಯಲ್ಲಿ ಜೊತೆಜೊತೆಗೇ ಬೆಳೆದವು ಎನ್ನಬಹುದು.

1991ರ ಹೊಡೆತ

ಹೀಗೆ ನಡೆದುಕೊಂಡು ಬಂದದ್ದಕ್ಕೆ ಒಂದೇ ಏಟಿಗೆ ಕೊಡಲಿ ಬಿತ್ತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗ 1976ರಲ್ಲಿ ಥಾಯ್ಲೆಂಡಿನ ತುಡುವೆಯಲ್ಲಿ ಕಾಣಿಸಿತು. 1978ರಲ್ಲಿ ನಮ್ಮ ದೇಶದ ಈಶಾನ್ಯ ಭಾಗಕ್ಕೆ ಬಂತು. 1991-92ರಲ್ಲಿ ಕೇರಳ, ಕರ್ನಾಟಕ, ತಮಿಳುನಾಡುಗಳಲ್ಲಿ ಹಬ್ಬಿ ಹತ್ತರಲ್ಲಿ ಒಂಬತ್ತು ಕುಟುಂಬಗಳನ್ನು ನುಂಗಿಹಾಕಿತು. ಮರಿಗಳು ಕೋಶದಲ್ಲೇ ತಲೆ ಎತ್ತಿ, ದೋಣಿಯ ಮೂತಿಯ ಹಾಗೆ ಸೆಟೆದು, ನೀರು ತುಂಬಿದ ಚೀಲವಾಗಿ ಸಾಯುತ್ತವೆ. ನಮ್ಮ ಕಡೆ ಇದಕ್ಕೆ ಚೀಲ ರೋಗ ಅಂತಲೇ ಹೆಸರಾಯಿತು.

ನಾವು ಆಗ ಪ್ರಾಥಮಿಕ ಶಾಲೆಯ ಹುಡುಗರು. ಊರಿನಲ್ಲಿ ಜೇನು ಮಾರಿ ಮಕ್ಕಳ ಪುಸ್ತಕ, ಬಟ್ಟೆ ನೋಡಿಕೊಳ್ಳುತ್ತಿದ್ದ ಮನೆಗಳಿದ್ದವು. ಒಂದೇ ವರ್ಷದಲ್ಲಿ ಪೆಟ್ಟಿಗೆಗಳೆಲ್ಲ ಖಾಲಿ. ಒಳಗೆ ಮೇಣದ ಹುಳು ಬಲೆ ಕಟ್ಟಿತು. ಕೆಲವರು ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂರಿಸಿದರು, ಕೆಲವರು ಬಚ್ಚಲ ಒಲೆಗೆ ಹಾಕಿದರು. ಜೇನಿನ ಮಾತೇ ಊರಿನಲ್ಲಿ ನಿಂತುಹೋಯಿತು.

ಆದರೆ ಮೇಲಿನ ಕೇರಿಯ ಒಬ್ಬ ಅಜ್ಜಿಯ ಹಟ್ಟಿಯ ಮಾಡಿನಲ್ಲಿ ನೇತಾಡುತ್ತಿದ್ದ ಹಳೇ ಮಡಕೆಯ ಜೇನು ಸಾಯಲಿಲ್ಲ. ಸುತ್ತಲಿನದೆಲ್ಲ ಹೋದರೂ ಅದೊಂದು ಉಳಿಯಿತು. ಈಗಿನ ಸಂಘ ಶುರುವಾದ ಹೊತ್ತಿಗೆ ನಾವು ಕೆಲವರು ಮತ್ತೆ ಜೇನು ಇಡಬೇಕು ಅಂತ ಹೊರಟಾಗ ಆ ಮಡಕೆ ಕೊಡಿ ಎಂದು ಕೇಳಿದೆವು. ಅಜ್ಜಿ ಕೊಡಲಿಲ್ಲ. "ತಾಯಿ ಇಲ್ಲೇ ಇರಲಿ ಮಕ್ಕಳೇ, ಪಾಲಾಗುವಾಗ ಮಗಳನ್ನ ತಗೊಂಡು ಹೋಗಿ" ಅಂದರು. ಕಾದೆವು. ಪಾಲಾಗಿ ಮಾವಿನ ಕೊಂಬೆಯಲ್ಲಿ ಕೂತ ಹಿಂಡನ್ನು ಪೆಟ್ಟಿಗೆಗೆ ಇಳಿಸಿಕೊಂಡು ಬಂದೆವು. ಪುಸ್ತಕದ ಲೆಕ್ಕದಲ್ಲಿ ಅಜ್ಜಿಯ ಮಾತು ತಿರುವುಮುರುವು. ಮೊದಲ ಪಾಲಿನಲ್ಲಿ ಮನೆ ಬಿಟ್ಟು ಹೊರಡುವುದು ಹಳೇ ತಾಯಿ, ತುಂಬಿದ ಮನೆಯಲ್ಲಿ ಉಳಿಯುವುದು ಮಗಳು. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೋದರೆ ಜೇನಿನಲ್ಲಿ ತಾಯಿಯೇ ಮಗಳಿಗೆ ಮನೆ ಬಿಟ್ಟುಕೊಟ್ಟು ಹೋಗುತ್ತಾಳೆ. ಏನೇ ಇರಲಿ, ಅಜ್ಜಿ ಹೇಳಿದ ನೀತಿ ಮಾತ್ರ ಸರಿಯಾಗಿತ್ತು: ಬೇರು ಕೀಳಬೇಡಿ, ಚಿಗುರು ತೆಗೆದುಕೊಳ್ಳಿ. ಆ ಅಜ್ಜಿ ಈಗ ಇಲ್ಲ. ಅವರ ಮಡಕೆಯ ವಂಶ ಊರಿನ ಹಲವು ಮನೆಗಳಲ್ಲಿ ಇದೆ.

ಈ ರೋಗಕ್ಕೆ ಮದ್ದಿಲ್ಲ. ಅಲ್ಲಲ್ಲಿ ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ತುಡುವೆ ಮತ್ತೆ ಚಿಗುರಿದೆ. ರೋಗ ಪೂರ್ತಿ ಹೋಗಿಲ್ಲ, ಆಗಾಗ ತಲೆ ಎತ್ತುತ್ತದೆ. ಹಾಗಿರುವಾಗ ಯಾವ ತಾಯಿಯ ಮಗಳನ್ನು ರಾಣಿ ಮಾಡಿಕೊಳ್ಳುತ್ತೇವೆ ಎಂಬುದು ಬರೀ ಜೇನಿನ ಹೆಚ್ಚು ಕಡಿಮೆಯ ಪ್ರಶ್ನೆಯಲ್ಲ, ಊರಿನಲ್ಲಿ ಜೇನು ಉಳಿಯುವ ಪ್ರಶ್ನೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ಗಾದೆಯೇ ಇದೆ.

ನಾವು ಮಾಡುವ ಕ್ರಮ

ಸದಸ್ಯ ಬಂಧುಗಳು ಕೇಳುತ್ತಿರುತ್ತಾರೆಂದು ನಮ್ಮ ಕ್ರಮವನ್ನು ಚಿಕ್ಕದಾಗಿ ಬರೆಯುತ್ತೇವೆ.

ಮೊದಲು ತಾಯಿಯ ಆಯ್ಕೆ. ಎರಡು ಮಳೆಗಾಲ ದಾಟಿರಬೇಕು, ಚೀಲ ರೋಗ ಕಂಡಿರಬಾರದು, ಸುಮ್ಮಸುಮ್ಮನೆ ಗೂಡು ಬಿಟ್ಟು ಓಡುವ ಜಾತಿ ಆಗಿರಬಾರದು, ಮುಟ್ಟಿದರೆ ಮೈಮೇಲೆ ಬೀಳಬಾರದು. ಜೇನು ಎಷ್ಟು ಕೊಟ್ಟಿತು ಎಂಬುದು ಆಮೇಲಿನ ಮಾತು.

ಎರಡನೆಯದು ಕಾಲ. ದೀಪಾವಳಿ ಕಳೆದು ಬಿಸಿಲು ಬಿದ್ದು, ಪರಾಗ ಹೊತ್ತ ನೊಣಗಳು ಸಾಲುಸಾಲಾಗಿ ಬರುವಾಗ. ಅದಕ್ಕೂ ಮೊದಲು ಗಂಡು ಕೋಶ ನೋಡಬೇಕು. ತುಡುವೆಯ ಗಂಡು ಕೋಶದ ಮುಚ್ಚಳದ ನಡುವೆ ಸೂಜಿ ಚುಚ್ಚಿದ ಹಾಗೆ ಒಂದು ತೂತು ಇರುತ್ತದೆ, ಗುರುತು ಹಿಡಿಯುವುದು ಸುಲಭ. ಗಂಡು ನೊಣ ಬೆಳೆಯಲು ರಾಣಿಗಿಂತ ಹೆಚ್ಚು ದಿನ ಬೇಕು. ಗಂಡು ಕೋಶ ಕಾಣುವ ಮೊದಲೇ ರಾಣಿ ಎಬ್ಬಿಸಿದರೆ ಗಂಡು ನೋಡದೆ ಮದುವೆ ದಿನ ಗೊತ್ತುಮಾಡಿದ ಹಾಗೆ.

ಆಮೇಲೆ ಆರಿಸಿದ ತಾಯಿಯ ಪೆಟ್ಟಿಗೆಯ ನಡುವೆ ಖಾಲಿ ಹೊಸ ಎರಿಯ ಚೌಕಟ್ಟು ಇಡುತ್ತೇವೆ. ನಾಲ್ಕೈದು ದಿನದಲ್ಲಿ ಅದರಲ್ಲಿ ಮೊಟ್ಟೆಯೂ ಆಗ ತಾನೆ ಒಡೆದ ಮರಿಯೂ ಇರುತ್ತದೆ. ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ಹಿಂದಿನ ದಿನ ರಾಣಿ ತೆಗೆದಿಟ್ಟ ಬಲವಾದ ಇನ್ನೊಂದು ಕುಟುಂಬಕ್ಕೆ ಕೊಡುತ್ತೇವೆ. ತೆಗೆದ ರಾಣಿಯನ್ನು ಎರಡು ಎರಿ ನೊಣಗಳ ಜೊತೆ ಸಣ್ಣ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುತ್ತೇವೆ. ಸಂಜೆ ಹೊತ್ತು ಸ್ವಲ್ಪ ಸಕ್ಕರೆ ಪಾಕ ಕೊಟ್ಟರೆ ಒಳ್ಳೆಯದು. ನೆರೆಯ ಪೆಟ್ಟಿಗೆಯವು ಕಳ್ಳತನಕ್ಕೆ ಬಾರದ ಹಾಗೆ ಪಾಕ ಹೊರಗೆ ಚೆಲ್ಲಬಾರದು. ಸಾಕುವ ಕುಟುಂಬದವು ತಮ್ಮ ಸ್ವಂತ ಮರಿಯ ಮೇಲೂ ರಾಣಿ ಕೋಶ ಕಟ್ಟಿರುತ್ತವೆ. ನಾಲ್ಕೈದು ದಿನಕ್ಕೆ ಅವನ್ನು ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಮೊದಲು ಹೊರಬಂದ ಬೇರೆ ರಾಣಿ ನಮ್ಮ ಕೋಶಗಳನ್ನೆಲ್ಲ ಕಚ್ಚಿ ಹಾಳುಮಾಡುತ್ತದೆ.

ಮೊಟ್ಟೆಯಿಂದ ಲೆಕ್ಕ ಹಾಕಿದರೆ ರಾಣಿ ಹೊರಬರಲು ಸುಮಾರು 15-16 ದಿನ. ಆದ್ದರಿಂದ ಎರಿ ಕೊಟ್ಟ ಒಂಬತ್ತನೇ ದಿನ ಮುಚ್ಚಿದ ಕೋಶಗಳನ್ನು ಬುಡದ ಸ್ವಲ್ಪ ಎರಿಯ ಸಮೇತ ಕತ್ತರಿಸಿ, ತಲೆಕೆಳಗು ಮಾಡದೆ, ಅಲ್ಲಾಡಿಸದೆ, ಎರಡು ಮೂರು ಎರಿಯ ಸಣ್ಣ ಪೆಟ್ಟಿಗೆಗಳಿಗೆ ಒಂದೊಂದು ಅಂಟಿಸುತ್ತೇವೆ. ಈ ಪೆಟ್ಟಿಗೆಗಳ ಬಾಗಿಲು ಬೇರೆ ಬೇರೆ ದಿಕ್ಕಿಗೆ ಇರಬೇಕು, ರಾಣಿ ಹಿಂತಿರುಗುವಾಗ ಮನೆ ತಪ್ಪಬಾರದು. ಹೊರಬಂದು ಸುಮಾರು ಒಂದು ವಾರಕ್ಕೆ ರಾಣಿ ಹಾರುತ್ತದೆ. ಕಳ್ಳಿಪೀರ ಹಕ್ಕಿಯ ಬಾಯಿಗೆ ಬೀಳದೆ ಬಂದರೆ ಎರಡು ವಾರದೊಳಗೆ ಮೊಟ್ಟೆ ಕಾಣಬೇಕು. ಕಾಣದಿದ್ದರೆ ತಡಮಾಡದೆ ಬೇರೆ ಪೆಟ್ಟಿಗೆಗೆ ಸೇರಿಸಬೇಕು. ತುಡುವೆಯಲ್ಲಿ ರಾಣಿ ಇಲ್ಲದೆ ಹೋದರೆ ಕೆಲಸಗಾರ ನೊಣಗಳೇ ಬೇಗ ಮೊಟ್ಟೆ ಇಡಲು ಶುರುಮಾಡುತ್ತವೆ. ಒಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಕಂಡರೆ ಆ ಕುಟುಂಬದ ಕಥೆ ಮುಗಿಯುತ್ತಾ ಬಂತು ಅಂತ ಅರ್ಥ.

ಇನ್ನೊಂದು ಲಾಭವೂ ಇದೆ. ರಾಣಿ ಬದಲಿಸುವಾಗ ಕೆಲವು ವಾರ ಗೂಡಿನಲ್ಲಿ ಎಳೆ ಮರಿ ಇರುವುದಿಲ್ಲ. ಚೀಲ ರೋಗ ಮರಿಯಿಂದ ಮರಿಗೆ ಹರಡುವಂಥದ್ದು. ಆ ಬಿಡುವಿನಲ್ಲಿ ನೊಣಗಳು ಗೂಡು ಶುಚಿ ಮಾಡಿಕೊಳ್ಳುತ್ತವೆ, ರೋಗದ ಬಲ ಕುಗ್ಗುತ್ತದೆ.

ಒಬ್ಬರಿಂದ ಆಗುವ ಕೆಲಸವಲ್ಲ

ಇಷ್ಟೆಲ್ಲ ಒಬ್ಬರೇ ತಮ್ಮ ಅಂಗಳದಲ್ಲಿ ಮಾಡಬಹುದು. ಆದರೆ ಅರ್ಧ ಕೆಲಸ ಮಾತ್ರ. ಉಳಿದರ್ಧ ಆಕಾಶದಲ್ಲಿ ನಡೆಯುತ್ತದೆ.

ರಾಣಿ ಒಂದೇ ಗಂಡಿನ ಜೊತೆ ಕೂಡುತ್ತದೆ ಅಂತ ಮೊದಲು ತಿಳಿದಿದ್ದರು. ಅದು ಹಲವು ಗಂಡು ನೊಣಗಳ ಜೊತೆ ಕೂಡುತ್ತದೆ ಎಂದು 1944ರಲ್ಲಿ ಅಮೆರಿಕದ ರಾಬರ್ಟ್ಸ್ ತೋರಿಸಿದರು. ನಮ್ಮ ತುಡುವೆಯಲ್ಲೂ ಹತ್ತಕ್ಕಿಂತ ಹೆಚ್ಚು. ಈ ಗಂಡುಗಳು ನಮ್ಮ ಪೆಟ್ಟಿಗೆಯವೇ ಆಗಬೇಕೆಂದಿಲ್ಲ. ಪಕ್ಕದ ಮನೆಯವು, ಆಚೆ ಕೇರಿಯವು, ಗುಡ್ಡದ ಪೊಟರೆಯವು, ಎಲ್ಲ ಸೇರಿರುತ್ತವೆ. ಅಂದರೆ ಹೆಣ್ಣು ನಮ್ಮ ಮನೆಯದು, ಗಂಡಿನ ಕಡೆ ಇಡೀ ಊರಿನದು!

ಊರಿನ ಎಲ್ಲರೂ ಒಂದೇ ತಾಯಿಯ ಮಕ್ಕಳನ್ನೇ ಸಾಕಿದರೆ ಏನಾಗುತ್ತದೆ? ಗಂಡೂ ಹೆಣ್ಣೂ ಒಂದೇ ರಕ್ತವಾಗುತ್ತದೆ. ಆಗ ಹೆಣ್ಣಾಗಬೇಕಾದ ಮೊಟ್ಟೆಗಳಲ್ಲಿ ಒಂದು ಪಾಲು ಕೆಲಸಕ್ಕೆ ಬಾರದ ಗಂಡಾಗುತ್ತದೆ, ಅಂಥ ಮರಿಗಳನ್ನು ಕೆಲಸಗಾರ ನೊಣಗಳೇ ತಿಂದುಬಿಡುತ್ತವೆ. ಇದನ್ನು 1963ರಲ್ಲಿ ಪೋಲೆಂಡಿನ ವೊಯ್ಕೆ ಎಂಬ ವಿಜ್ಞಾನಿ ಕಂಡುಹಿಡಿದರು. ಎರಿಯಲ್ಲಿ ಮರಿ ಒತ್ತಾಗಿರದೆ, ಇಲಿ ತಿಂದ ತೆನೆಯ ಹಾಗೆ ಅಲ್ಲಲ್ಲಿ ಖಾಲಿ ಕಂಡರೆ ಇದೂ ಒಂದು ಕಾರಣ ಇರಬಹುದು. ನಾವು ಸಗೋತ್ರದಲ್ಲಿ ಸಂಬಂಧ ಮಾಡುವುದಿಲ್ಲ. ಜೇನಿಗೂ ಅದೇ ನಿಯಮ ಬೇಕು.

ಆದ್ದರಿಂದ ಅಜ್ಜಿಯ ಮಡಕೆಯ ವಂಶ ಎಷ್ಟೇ ಒಳ್ಳೆಯದಾದರೂ ಅದೊಂದೇ ಸಾಲದು. ಬೇರೆ ಬೇರೆ ಕೇರಿಯಲ್ಲಿ ರೋಗ ತಡೆದು ನಿಂತ ಬೇರೆ ಬೇರೆ ತಾಯಂದಿರು ಬೇಕು. ಅವುಗಳ ಗಂಡು ಕೋಶಗಳೂ ಬೇಕು. ದುಡಿಯದೆ ತಿನ್ನುವ ಸೋಮಾರಿಗಳು ಅಂತ ಗಂಡು ಕೋಶ ಕತ್ತರಿಸಿ ಹಾಕುವವರಿದ್ದಾರೆ. ಒಳ್ಳೆ ಕುಟುಂಬದಲ್ಲಿ ಹಾಗೆ ಮಾಡಬಾರದು. ಆ ಸೋಮಾರಿಗಳೇ ಊರಿನ ಮುಂದಿನ ರಾಣಿಗಳಿಗೆಲ್ಲ ಗಂಡಂದಿರು. ಕಾಡಿನ ಪೊಟರೆ ಒಡೆದರೂ ಅದೇ ನಷ್ಟ. ಒಂದು ಕುಟುಂಬ ತಂದೆವು ಅಂತ ಲೆಕ್ಕ ಹಾಕುತ್ತೇವೆ, ಆ ಗುಡ್ಡದಿಂದ ಬರುವ ಗಂಡಿನ ಬಳಗವೇ ನಿಂತುಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ.

ದೊಡ್ಡ ವ್ಯಾಪಾರಕ್ಕೆ ಸಾಕುವವರಿಗೆ ಅವಸರ ಇರುತ್ತದೆ, ಈ ವರ್ಷದ ಜೇನು ಈ ವರ್ಷವೇ ಬೇಕು. ಎರಡು ಮಳೆಗಾಲ ಕಾದು ತಾಯಿ ಆರಿಸುವ ಪುರುಸೊತ್ತು ಇರುವುದು ನಮ್ಮಂಥ ಹವ್ಯಾಸಿಗಳಿಗೆ ಮಾತ್ರ. ಎರಡು ಪೆಟ್ಟಿಗೆಯವರು ಹತ್ತು ಜನ ಸೇರಿದರೆ ಇಪ್ಪತ್ತು ಪೆಟ್ಟಿಗೆಯ ಒಂದು ಒಳ್ಳೆ ವಂಶಾಲಯವೇ ಆಗುತ್ತದೆ. ಸಹಕಾರ ಅಂದರೆ ಇದೇ ಅಲ್ಲವೇ?

ಸದಸ್ಯರಲ್ಲಿ ವಿನಂತಿ

ಮೊದಲನೆಯದಾಗಿ, ಪೊಟರೆ ಒಡೆಯುವುದನ್ನು ನಿಲ್ಲಿಸೋಣ. ಕುಟುಂಬ ಬೇಕಾದವರು ಮಡಕೆಗೆ ಮೇಣ ಸವರಿ ಮರದಲ್ಲಿ ಕಟ್ಟಿ, ಪಾಲಾದ ಹಿಂಡು ತಾನಾಗಿ ಬಂದರೆ ತೆಗೆದುಕೊಳ್ಳಲಿ.

ಎರಡನೆಯದಾಗಿ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕುಟುಂಬಗಳನ್ನು ಕೊಳ್ಳುವುದು ಬೇಡ. ಅಗ್ಗಕ್ಕೆ ಸಿಕ್ಕಿದ ಪೆಟ್ಟಿಗೆಯ ಜೊತೆ ರೋಗ ಪುಕ್ಕಟೆಯಾಗಿ ಬರುತ್ತದೆ.

ಮೂರನೆಯದಾಗಿ, ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಡಬೇಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಸೂಚಿಸಲಿದ್ದೇವೆ. ಯಾರ ಮನೆಯ ಯಾವ ಪೆಟ್ಟಿಗೆ ಎಷ್ಟು ಮಳೆಗಾಲ ದಾಟಿತು, ರೋಗ ಕಂಡಿತೋ ಇಲ್ಲವೋ, ಅದರ ತಾಯಿ ಯಾವ ಮನೆಯಿಂದ ಬಂದದ್ದು, ಇಷ್ಟು ಬರೆದರೆ ಸಾಕು. ಷೇರು ಪುಸ್ತಕ ಬರೆಯುವ ಸಂಘಕ್ಕೆ ಇದೇನು ಹೊರೆಯಲ್ಲ. ಖರ್ಚು ಒಂದು ನೋಟ್‌ಬುಕ್ಕಿನದು. ಒಳ್ಳೆ ಪೆಟ್ಟಿಗೆ ಇರುವವರು ಪ್ರತಿ ಕಾಲದಲ್ಲಿ ಒಂದೆರಡು ರಾಣಿ ಕೋಶ ಇನ್ನೊಂದು ಕೇರಿಯವರಿಗೆ ಕೊಟ್ಟು, ಅಲ್ಲಿಂದ ಒಂದೆರಡು ತರಲಿ. ಹಣದ ವ್ಯವಹಾರ ಬೇಡ, ಕೊಡು ಕೊಳ್ಳುವುದಿರಲಿ.

ಜೇನು ಇಡದವರಿಗೂ ಇದರಲ್ಲಿ ಪಾಲಿದೆ. ಏಲಕ್ಕಿ ಹೂವಿಗೆ ನೊಣ ಬಾರದಿದ್ದರೆ ಕಾಯಿ ಕಚ್ಚುವುದು ಕಷ್ಟ. ಸೌತೆ, ಕುಂಬಳ, ಹಾಗಲಕ್ಕೂ ಅದೇ ಮಾತು. ಆದ್ದರಿಂದ ಬಿಸಿಲು ಹೊತ್ತಿನಲ್ಲಿ, ಹೂವಿನ ಮೇಲೆ ವಿಷ ಹೊಡೆಯದಿರುವುದೂ ಜೇನು ಸಾಕಿದ ಹಾಗೆಯೇ.

ಸ್ಪೇನಿನವರು, ಜರ್ಮನಿಯ ಪಾದ್ರಿ, ಕಣ್ಣಿಲ್ಲದ ಹ್ಯೂಬರ್, ಅವರ ಆಳು ಬರ್ನೆನ್ಸ್, ನ್ಯೂಟನ್ ಸ್ವಾಮಿಗಳು, ನಮ್ಮ ಮೇಲಿನ ಕೇರಿಯ ಅಜ್ಜಿ, ಇಷ್ಟು ಜನರ ಕೈ ದಾಟಿ ಈ ವಿದ್ಯೆ ನಮ್ಮ ಅಂಗಳಕ್ಕೆ ಬಂದಿದೆ. ಮುಂದಿನ ದೀಪಾವಳಿ ಕಳೆದ ಮೇಲೆ ಆಸಕ್ತಿ ಇರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಎರಿ ಕತ್ತರಿಸುವುದನ್ನು, ಕೋಶ ಅಂಟಿಸುವುದನ್ನು ಎದುರಿಗೇ ತೋರಿಸಿಕೊಡಲು ನಾವು ಸಿದ್ಧರಿದ್ದೇವೆ. ಒಂದು ಒಳ್ಳೆ ತಾಯಿಯ ಕೋಶವನ್ನೂ ಕೊಟ್ಟು ಕಳಿಸುತ್ತೇವೆ.